ಉಡದಾರ ಇಳಿಸುವವರ ಕೆಲಸ

ಸ್ಕ್ಯಾನಿಂಗ್ ಸೆಂಟರ್‌ಗೆ ಹೆಲ್ಪರ್ ಆಗಿ ಸೇರಿದ ಹುಡುಗರು ವಾರದೊಳಗೇ ಕೇಳುತ್ತಾರೆ: ‘ಸ್ವಿಚ್ ಒತ್ತೋದು ಯಾವಾಗ ಕಲಿಸ್ತೀರಿ ಸರ್?’ ಅದು ಅವರ ಕೆಲಸವಲ್ಲ. ಎಕ್ಸ್‌ರೇ ಬಿಡಲು ಪ್ಯಾರಾಮೆಡಿಕಲ್ ಡಿಪ್ಲೊಮಾ ಅಥವಾ ಇಮೇಜಿಂಗ್ ಟೆಕ್ನಾಲಜಿಯ ಬಿ.ಎಸ್ಸಿ. ಓದಿರಬೇಕು. 18 ತುಂಬದವರನ್ನು ವಿಕಿರಣದ ಕೆಲಸಕ್ಕೆ ಹಚ್ಚುವಂತೆಯೇ ಇಲ್ಲ. ಟೆಕ್ನೀಷಿಯನ್ ಊಟಕ್ಕೆ ಹೋದಾಗ ‘ನೀನೇ ಒಂದು ತೆಗೆದುಬಿಡು’ ಎನ್ನುವ ಮಾಲೀಕರು ಸಿಕ್ಕರೆ ಒಪ್ಪಬೇಡಿ. ಫಿಲ್ಮ್ ಚೆನ್ನಾಗಿ ಬರುವುದೂ ಕೆಡುವುದೂ ಸ್ವಿಚ್ಚಿಗೆ ಮುಂಚಿನ ಐದು ನಿಮಿಷದಲ್ಲಿ, ಆ ಐದು ನಿಮಿಷ ಸಹಾಯಕರದು.

ಎದೆಯ ಎಕ್ಸ್‌ರೇಯನ್ನೇ ನೋಡಿ. ಕ್ಷಯದ ಗುರುತು ಹೆಚ್ಚಾಗಿ ಕಾಣುವುದು ಪುಪ್ಪುಸದ ಮೇಲ್ತುದಿಯಲ್ಲಿ. ಹೆಣ್ಣುಮಕ್ಕಳ ಜಡೆಯ ನೆರಳು ಬೀಳುವುದೂ ಅಲ್ಲಿಯೇ. ಜಡೆ, ತಾಳಿ, ತಾಯತಗಳನ್ನು ಬೆನ್ನಿಗೆ ಸರಿಸಿದರೆ ಆಯಿತೆಂದು ಹೊಸಬರು ತಿಳಿಯುತ್ತಾರೆ. ಕಿರಣ ಮೈಯನ್ನು ತೂರಿ ಹೋಗುತ್ತದೆ, ಹಿಂದಿದ್ದರೂ ಮುಂದಿದ್ದರೂ ಫಿಲ್ಮಿಗೆ ಒಂದೇ. ಜಡೆಯನ್ನು ನೆತ್ತಿಗೆ ಸುತ್ತಬೇಕು, ತಾಳಿಯನ್ನು ಗದ್ದಕ್ಕಿಂತ ಮೇಲೆ ಎತ್ತಿಡಬೇಕು. ಕುಪ್ಪಸದ ಪಿನ್ನು, ಹುಕ್ಕು ಮರೆಯಬಾರದು. ನಿಂತವರ ಭುಜ ಮುಂದಕ್ಕೆ ಬಾಗಿರಲಿ, ಇಲ್ಲದಿದ್ದರೆ ಹೆಗಲ ಮೂಳೆ ಪುಪ್ಪುಸವನ್ನು ಮುಚ್ಚುತ್ತದೆ.

ಮೂತ್ರದ ಕಲ್ಲಿಗೆ ಎಕ್ಸ್‌ರೇ ತೆಗೆಯುವಾಗ ಉಡದಾರದ್ದೇ ತಕರಾರು. ಅದರ ಬೆಳ್ಳಿ ಗುಂಡು ಮೂತ್ರನಾಳದ ಜಾಗಕ್ಕೆ ಬಂದರೆ ಥೇಟ್ ಕಲ್ಲಿನ ಹಾಗೆ ಕಾಣುತ್ತದೆ. ‘ತೆಗೀರಿ’ ಎಂದರೆ ಹಿರಿಯರು ಸಿಟ್ಟಾಗುತ್ತಾರೆ, ಸತ್ತ ಮೇಲೆ ತೆಗೆಯುವಂಥದ್ದು ಅದು. ಬಿಚ್ಚುವುದೂ ಬೇಡ, ಕತ್ತರಿಸುವುದೂ ಬೇಡ. ‘ಯಜಮಾನ್ರ, ತೊಡಿಗೆ ಇಳಿಸಿಕೊಳ್ರಿ ಸಾಕು’ ಎಂದರೆ ಯಾರೂ ಇಲ್ಲವೆನ್ನುವುದಿಲ್ಲ.

ಉಸಿರು ಹಿಡಿಸುವುದಕ್ಕೆ ರಾಯಚೂರು, ಬಳ್ಳಾರಿ ಕಡೆ ಕನ್ನಡವೊಂದೇ ಸಾಲದು. ತೆಲುಗಿನ ‘ಊಪಿರಿ ಆಪಂಡಿ’, ಉರ್ದುವಿನ ‘ಸಾಂಸ್ ರೋಕೋ’ ಬಾಯಿಗೆ ಬರಬೇಕು. ಭಾಷೆ ತಿಳಿಯದೆ ಉಸಿರಾಡಿಬಿಟ್ಟರೆ ಫಿಲ್ಮ್ ಮಸುಕು, ರೋಗಿಗೆ ಎರಡನೇ ಸಲ ವಿಕಿರಣ.

ಹೆಣ್ಣುಮಗಳನ್ನು ಒಳಗೆ ಕರೆಯುವ ಮುಂಚೆ ಮುಟ್ಟು ಯಾವಾಗ ಆಗಿತ್ತೆಂದು ಕೇಳಬೇಕು. ಅತ್ತೆಯ ಎದುರಿಗೆ ಕೇಳಿದರೆ ನಿಜ ಹೊರಡುವುದಿಲ್ಲ, ಬಟ್ಟೆ ಬದಲಿಸುವ ಕೋಣೆಯಲ್ಲಿ ಹೆಣ್ಣು ಸಿಬ್ಬಂದಿ ಕೇಳಲಿ. ಅಳುವ ಕೂಸನ್ನು ಹಿಡಿಯಲು ದಿನಾ ಹೆಲ್ಪರನ್ನೇ ನಿಲ್ಲಿಸುವುದು ತಪ್ಪು. ಮನೆಯವರೊಬ್ಬರಿಗೆ ಸೀಸದ ಏಪ್ರನ್ ತೊಡಿಸಿ ನಿಲ್ಲಿಸಬೇಕು, ತಾಯಿ ಬಸುರಿ ಅಲ್ಲವೆಂದು ಖಾತ್ರಿ ಮಾಡಿಕೊಂಡು. ವಾರ್ಡಿನ ಪೋರ್ಟಬಲ್ ಎಕ್ಸ್‌ರೇಗೆ ಕನಿಷ್ಠ 2 ಮೀಟರ್ ದೂರ ನಿಲ್ಲಿ. ದೂರ ಇಮ್ಮಡಿಯಾದರೆ ವಿಕಿರಣ ಕಾಲುಭಾಗಕ್ಕೆ ಇಳಿಯುತ್ತದೆ.

ಏಪ್ರನ್ನನ್ನು ಮಡಚಿ ಕುರ್ಚಿಗೆ ಎಸೆಯುವ ಚಾಳಿ ಎಲ್ಲ ಕಡೆ ಇದೆ. ಮಡಚಿದ ಗೆರೆಯಲ್ಲಿ ಒಳಗಿನ ಸೀಸ ಬಿರುಕು ಬಿಡುತ್ತದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಹ್ಯಾಂಗರಿಗೆ ತೂಗುಹಾಕಬೇಕು. ಮೈಗೆ ತಾಗಿದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಎದೆಯ ಮೇಲೆ, ಏಪ್ರನ್ನಿನ ಒಳಗಿರಬೇಕು. ಮೂರು ತಿಂಗಳಿಗೊಮ್ಮೆ ಅದು ಲ್ಯಾಬಿಗೆ ಹೋಗುತ್ತದೆ. ಎಕ್ಸ್‌ರೇ ಕೋಣೆಯಲ್ಲೇ ಬಿಟ್ಟು ಮನೆಗೆ ಹೋದರೆ ನೀವು ಪಡೆಯದ ಡೋಸೂ ನಿಮ್ಮ ಲೆಕ್ಕಕ್ಕೆ ಬರುತ್ತದೆ.

ಅಲ್ಟ್ರಾಸೌಂಡ್ ಕೋಣೆಯಲ್ಲಿ ವಿಕಿರಣವಿಲ್ಲ, ಕಾನೂನಿದೆ. ‘ಪೇಡೆ ತರ್ರಿ’ ಎಂದು ನಕ್ಕರೂ ಅದು ಮಗುವಿನ ಲಿಂಗ ಹೇಳಿದಂತೆಯೇ. 1994ರ ಭ್ರೂಣಲಿಂಗ ಪತ್ತೆ ತಡೆ ಕಾಯಿದೆ ಮಾತು, ಸನ್ನೆ, ಬೇರಾವುದೇ ರೀತಿ ಎಂದು ಮೂರನ್ನೂ ಸೇರಿಸಿದೆ. ಅದೇ ಕಾಯಿದೆಯಡಿ ಬಸುರಿಯರ ಎಫ್ ಫಾರಂ ತುಂಬುವುದು ಹೆಚ್ಚಾಗಿ ಸಹಾಯಕರೇ. ಒಂದು ಕಲಂ ಖಾಲಿ ಬಿಟ್ಟರೂ ಕೇಸಾಗಬಹುದು.

ಎಂಆರ್‌ಐ ಇದ್ದಲ್ಲಿ ಬಾಗಿಲು ಕಾಯುವವರದೇ ದೊಡ್ಡ ಹುದ್ದೆ ಎನ್ನಬೇಕು. ಸ್ಕ್ಯಾನ್ ನಡೆಯದಿದ್ದರೂ ಆಯಸ್ಕಾಂತ ಹಗಲೂ ರಾತ್ರಿ ಎಳೆಯುತ್ತಲೇ ಇರುತ್ತದೆ. ರಾತ್ರಿ ಐಸಿಯುನಿಂದ ಅವಸರದಲ್ಲಿ ಬರುವ ಆಕ್ಸಿಜನ್ ಸಿಲಿಂಡರ್ ಒಳಗೆ ಹೋದರೆ ಗುಂಡಿನಂತೆ ಹಾರುತ್ತದೆ. ಸ್ಟ್ರೆಚರನ್ನು ಹೊರಗೇ ನಿಲ್ಲಿಸಿ, ಎಂಆರ್‌ಐಗೆಂದೇ ಇರುವ ಟ್ರಾಲಿಗೆ ರೋಗಿಯನ್ನು ಬದಲಿಸಬೇಕು. ಕಿಸೆಯ ಸುಣ್ಣದ ಡಬ್ಬಿ, ಕಾಲುಂಗುರ, ಜರಿ ಸೀರೆ ಯಾವುದೂ ಒಳಗೆ ಬೇಡ. ಜರಿಯ ಲೋಹದೆಳೆ ಕಾದು ಮೈ ಸುಡಬಹುದು.

ತೋರಣಗಲ್ಲು, ಸಂಡೂರು, ಹಟ್ಟಿ ಕಡೆಯಿಂದ ವೆಲ್ಡಿಂಗ್, ಗ್ರೈಂಡಿಂಗ್ ಮಾಡುವವರು ಬರುತ್ತಾರೆ. ಎದೆಯಲ್ಲಿ ಪೇಸ್‌ಮೇಕರ್ ಇದೆಯೇ ಎಂದು ಕೇಳುವಷ್ಟೇ ಗಟ್ಟಿಯಾಗಿ ಅವರನ್ನು ಕೇಳಿ: ‘ಕಣ್ಣಿಗೆ ಯಾವಾಗರ ಕಬ್ಬಿಣದ ಚೂರು ಹೊಕ್ಕಿತ್ತೇನ್ರಿ?’ ‘ಹತ್ತು ವರ್ಷದ ಮಾತ್ರೀ ಅದು, ಆವಾಗೇ ತಗದಾರ’ ಎಂದರೂ ಟೆಕ್ನೀಷಿಯನ್‌ಗೆ ತಿಳಿಸಿ. ಮೊದಲು ಕಣ್ಣಿನ ಎಕ್ಸ್‌ರೇ, ಎಂಆರ್‌ಐ ಏನಿದ್ದರೂ ಆಮೇಲೆ.