ಟ್ರೌಟ್‌ಗೆ ನಿಂಫ್: ಮೊದಲು ತೂಕ, ಆಮೇಲೆ ಅಳತೆ, ಬಣ್ಣ ಕೊನೆಗೆ

ಹಿಮಾಚಲದ ಕುಲ್ಲು ಜಿಲ್ಲೆಯ ತೀರ್ಥನ್ ನದಿಗೆ ಬೆಂಗಳೂರಿನಿಂದ ಟ್ರೌಟ್ ಹಿಡಿಯಲು ಹೋಗುವವರ ಪೆಟ್ಟಿಗೆಯಲ್ಲಿ ಫ್ಲೈಗಳಿಗೆ, ಅಂದರೆ ಗಾಳದ ಮೇಲೆ ಗರಿ, ದಾರ ಸುತ್ತಿ ಕಟ್ಟಿದ ನಕಲಿ ಹುಳುಗಳಿಗೆ, ಬರವಿರುವುದಿಲ್ಲ. ನೀರಿನೊಳಗಿನ ಮರಿಹುಳುವಿನಂತೆ ಕಟ್ಟಿದ ಫ್ಲೈಯೇ ನಿಂಫ್. ಹತ್ತು ನಿಮಿಷಕ್ಕೊಂದು ಬದಲಾಯಿಸುತ್ತಾರೆ. ಕಂದು ಆಯಿತು, ಹಸಿರು ಆಯಿತು, ಗುಲಾಬಿ ಮಣಿಯದೂ ಆಯಿತು. ಮೀನು ಮಾತ್ರ ಕಚ್ಚಲಿಲ್ಲ. ಹೆಚ್ಚಿನ ಸಲ ಕಾರಣ ಇಷ್ಟೇ: ಮೂರಡಿ ನೀರಿನಲ್ಲಿ ಮೀನು ತಳಕ್ಕೆ ಅಂಟಿಕೊಂಡು ನಿಂತಿದೆ, ಫ್ಲೈ ಅದರ ತಲೆಯಿಂದ ಒಂದೂವರೆ ಅಡಿ ಮೇಲೆ ಓಡಿಹೋಗುತ್ತಿದೆ.

ಕಲ್ಲುಗಳ ತಡೆಯಿಂದಾಗಿ ತಳದ ನೀರು ಮೇಲಿನ ನೀರಿಗಿಂತ ನಿಧಾನ. ಟ್ರೌಟ್ ಆ ನಿಧಾನದ ಪದರದಲ್ಲಿ ಶಕ್ತಿ ಉಳಿಸಿಕೊಂಡು ನಿಂತು, ಕಲ್ಲಿನಿಂದ ಕಳಚಿ ತೇಲಿಬರುವ ಹುಳುಗಳನ್ನು ಹೆಕ್ಕುತ್ತದೆ. ಆಹಾರದ ಬಹುಪಾಲು ನೀರಿನೊಳಗೇ ಸಿಗುವಾಗ ಅದು ಮೇಲೇಳುವ ಗೋಜಿಗೆ ಹೋಗುವುದು ಕಡಿಮೆ. ಕಾವೇರಿಯಲ್ಲಿ ಮಹಶೀರ್‌ಗೆ ರಾಗಿ ಉಂಡೆ ಹಾಕಿ ಪಳಗಿದವರಿಗೆ ಇದು ಸ್ವಲ್ಪ ಕಷ್ಟವೇ. ಅಲ್ಲಿ ವಾಸನೆ ಹಿಡಿದು ಮೀನೇ ಬರುತ್ತದೆ. ನಿಂಫ್‌ಗೆ ವಾಸನೆಯಿಲ್ಲ, ಮೀನಿನ ಬಾಯಿಯ ಎತ್ತರಕ್ಕೆ ಅದನ್ನು ನಾವೇ ಒಯ್ಯಬೇಕು.

ನೀರಿಗಿಳಿಯುವ ಮೊದಲು ಕಲ್ಲು ಮಗುಚಿ ನೋಡಿ. ಮೊಣಕಾಲುದ್ದದ ಸೆಳವಿನಲ್ಲಿ ನಾಲ್ಕೈದು ಕಲ್ಲು ಸಾಕು. ಅವುಗಳ ಕೆಳಗೆ, ನೀರು ಹರಿದುಹೋಗುವ ಕಡೆಗೆ, ಒಂದು ಚಹಾ ಸೋಸುವ ಜಾಲರಿ ಹಿಡಿದರೆ ಕಳಚಿದ ಹುಳುಗಳೂ ಸಿಗುತ್ತವೆ. ಚಪ್ಪಟೆ ಮೈ, ಅಗಲ ತಲೆಯಿದ್ದು ಕಲ್ಲಿಗೆ ಅಪ್ಪಿಕೊಂಡಿರುವುದು ಮೇಫ್ಲೈ ಎಂಬ ಕೀಟದ ಒಂದು ಕುಟುಂಬದ್ದು. ಸಪೂರ ಮೈಯಿದ್ದು ಮೀನಿನ ಮರಿಯ ಹಾಗೆ ಚುರುಕಾಗಿ ಈಜುವುದು ಬೀಟಿಸ್ ಎಂಬ ಇನ್ನೊಂದು ಮೇಫ್ಲೈ. ಎರಡು ಬಾಲ, ದಪ್ಪ ಕಾಲುಗಳಿದ್ದರೆ ಸ್ಟೋನ್‌ಫ್ಲೈ. ಮರಳು, ಕಸ ಅಂಟಿಸಿ ಗೂಡು ಕಟ್ಟಿಕೊಂಡಿದ್ದರೆ ಕ್ಯಾಡಿಸ್. ಗೂಡಿಲ್ಲದ ಹಸಿರು ಕ್ಯಾಡಿಸ್ ಹುಳುಗಳೂ ಇರುತ್ತವೆ. ಹೆಸರು ಹೊಳೆಯದಿದ್ದರೂ ಚಿಂತೆಯಿಲ್ಲ, ಉದ್ದ ಅಳೆಯಿರಿ. ಬಾಲ ಬಿಟ್ಟು ಆರೇಳು ಮಿಲಿಮೀಟರ್ ಇದ್ದರೆ 16ನೇ ನಂಬರ್ ಗಾಳ, ಎಂಟೊಂಬತ್ತು ಇದ್ದರೆ 14, ಹತ್ತು ದಾಟಿದರೆ 12. ಸಂಖ್ಯೆ ಹೆಚ್ಚಿದಂತೆ ಗಾಳ ಚಿಕ್ಕದಾಗುತ್ತದೆ. ಬೆನ್ನ ಮೇಲಿನ ರೆಕ್ಕೆಯ ಮೊಗ್ಗು ಕಪ್ಪಾಗಿದ್ದರೆ ಆ ಹುಳು ಬೇಗನೆ ರೆಕ್ಕೆ ಬಿಡಿಸಿ ಮೇಲೇಳಲಿದೆ ಎಂದರ್ಥ; ಆ ದಿನ ಆ ಅಳತೆಯ ಫ್ಲೈಗೇ ಮೊದಲ ಅವಕಾಶ ಕೊಡಿ.

ಫ್ಲೈಯ ಮಾದರಿಗಳು ನಾಲ್ಕು ಸಾಕು. ಫೆಸೆಂಟ್ ಟೇಲ್ 14 ಮತ್ತು 16ರಲ್ಲಿ, ಹೇರ್ಸ್ ಇಯರ್ 12 ಮತ್ತು 14ರಲ್ಲಿ, ಪರ್ಡಿಗಾನ್ 14 ಮತ್ತು 16ರಲ್ಲಿ, ರಬ್ಬರ್ ಕಾಲಿನ ಸ್ಟೋನ್‌ಫ್ಲೈ 8 ಅಥವಾ 10ರಲ್ಲಿ. ಫೆಸೆಂಟ್ ಟೇಲ್ ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರ ಫ್ರಾಂಕ್ ಸಾಯರ್ ಕಟ್ಟಿದ ಮಾದರಿ. ಅವರು ದಾರವನ್ನೇ ಬಳಸದೆ ಗರಿಯ ಎಳೆಗಳನ್ನು ತೆಳು ತಾಮ್ರದ ತಂತಿಯಿಂದ ಸುತ್ತಿದರು, ಕಾಲುಗಳನ್ನೂ ಇಡಲಿಲ್ಲ. ಈಜುವ ಹುಳು ಕಾಲು ಮಡಚಿಕೊಂಡಿರುತ್ತದೆ, ತಂತಿಯ ತೂಕ ಫ್ಲೈಯನ್ನು ಇಳಿಸುತ್ತದೆ. ಇಂದು ಅಂಗಡಿಯಲ್ಲಿ ಸಿಗುವ, ರೋಮ ತುಂಬಿಸಿ ಉಬ್ಬಿಸಿದ ಫೆಸೆಂಟ್ ಟೇಲ್‌ಗಳು ಕಣ್ಣಿಗೆ ಚೆನ್ನ, ನೀರಿಗೆ ಬಿದ್ದರೆ ಬೇಗ ಇಳಿಯುವುದಿಲ್ಲ. ಸ್ಪೇನಿನ ಪರ್ಡಿಗಾನ್ ಇದಕ್ಕೆ ತದ್ವಿರುದ್ಧ: ನಯವಾದ ಸಣ್ಣ ಮೈ, ಮೇಲೆ ರಾಳದ ಲೇಪ, ತಲೆಗೆ ಭಾರದ ಮಣಿ. ನೀರಿಗೆ ಹಿಡಿಯಲು ಅದರಲ್ಲಿ ಏನೂ ಇಲ್ಲದ್ದರಿಂದ ನೇರ ಮುಳುಗುತ್ತದೆ.

ಹತ್ತು ಮಾದರಿ ಕೊಳ್ಳುವ ಹಣದಲ್ಲಿ ಒಂದೇ ಮಾದರಿಯನ್ನು ಮೂರು ತೂಕದಲ್ಲಿ ಇಟ್ಟುಕೊಳ್ಳುವುದು ಮೇಲು. 14ನೇ ನಂಬರಿನಲ್ಲಿ ಮಣಿಯಿಲ್ಲದ್ದು ಒಂದು, 2.5 ಮಿ.ಮೀ. ಮಣಿಯದ್ದು ಒಂದು, 3.3 ಮಿ.ಮೀ. ಮಣಿಯದ್ದು ಇನ್ನೊಂದು. ಮಣಿ ಟಂಗ್‌ಸ್ಟನ್‌ನದೇ ಇರಲಿ: ಅದರ ಸಾಂದ್ರತೆ ನೀರಿನ ಹತ್ತೊಂಬತ್ತು ಪಟ್ಟು, ಹಿತ್ತಾಳೆಯದು ಎಂಟೂವರೆ ಪಟ್ಟಿನ ಆಸುಪಾಸು. ಬಣ್ಣ ಬಳಿದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಆದ್ದರಿಂದ ಅಂಗೈಯಲ್ಲಿಟ್ಟು ತೂಗಿ ನೋಡಿ ಕೊಳ್ಳಿ. ಫ್ಲೈ ನೀವೇ ಕಟ್ಟುವುದಾದರೆ ಮಣಿಯ ಹಿಂದಿನ ಕೊರಳಿಗೆ ತೂಕಕ್ಕೊಂದು ಬಣ್ಣದ ದಾರ ಸುತ್ತಿ. ಚಳಿಯಲ್ಲಿ ಬೆರಳು ಮರಗಟ್ಟಿದಾಗ ಮಣಿಯ ಗಾತ್ರ ಅಂದಾಜು ಮಾಡುತ್ತ ಕೂರಬೇಕಿಲ್ಲ. ಕಣ್ಣು ಬಾಗಿದ ಜಿಗ್ ಗಾಳ, ಸೀಳು ಕೊರೆದ ಮಣಿ ಸೇರಿದರೆ ಮೊನೆ ಮೇಲ್ಮುಖವಾಗಿ ನಿಲ್ಲುತ್ತದೆ. ತೀರ್ಥನ್‌ನಂಥ ಬಂಡೆಗಳ ಹೊಳೆಯಲ್ಲಿ ಕಳೆದುಹೋಗುವ ಫ್ಲೈಗಳ ಸಂಖ್ಯೆ ಅದರಿಂದ ಎದ್ದು ಕಾಣುವಷ್ಟು ಇಳಿಯುತ್ತದೆ.

ಮಡು ಅಥವಾ ಉದ್ದದ ಸಮ ಸೆಳವಿನಲ್ಲಿ ಇಂಡಿಕೇಟರ್, ಅಂದರೆ ಮೀನು ಕಚ್ಚಿದ್ದನ್ನು ತೋರಿಸುವ ಪುಟ್ಟ ತೇಲುಬುರುಡೆ, ಕಟ್ಟಿ. ದಪ್ಪ ಲೈನಿನ ತುದಿಗೆ ಲೀಡರ್ ಎಂಬ ಒಂಬತ್ತಡಿಯ ತೆಳು ದಾರ, ಅದರ ತುದಿಗೆ ಫ್ಲೈ ಕಟ್ಟುವ 5ಎಕ್ಸ್ ಫ್ಲೋರೋಕಾರ್ಬನ್ ಟಿಪೆಟ್, ಅಂದರೆ 0.15 ಮಿ.ಮೀ. ದಪ್ಪ. ಇಂಡಿಕೇಟರಿನಿಂದ ಫ್ಲೈಗೆ ಇರುವ ಅಂತರ ನೀರಿನ ಆಳದ ಒಂದೂವರೆ ಪಟ್ಟು ಎಂದು ಶುರುಮಾಡಿ. ದಾರ ಓರೆಯಾಗಿ ಇಳಿಯುವುದರಿಂದ ಹೆಚ್ಚುವರಿ ಉದ್ದ ಬೇಕು. ಗಮನಿಸಬೇಕಾದದ್ದು ಇಂಡಿಕೇಟರಿನ ವೇಗ. ಪಕ್ಕದ ನೊರೆಗುಳ್ಳೆಗಳಿಗಿಂತ ಅದು ಸ್ವಲ್ಪ ಹಿಂದೆ ಬೀಳುತ್ತಿದ್ದರೆ ಫ್ಲೈ ತಳದ ನಿಧಾನದ ನೀರಿನಲ್ಲಿದೆ. ಗುಳ್ಳೆಗಳ ಜತೆಗೇ ಓಡುತ್ತಿದ್ದರೆ ಫ್ಲೈ ಇನ್ನೂ ಇಳಿದಿಲ್ಲ. ಗುಳ್ಳೆಗಳನ್ನು ಹಿಂದಿಕ್ಕುತ್ತಿದ್ದರೆ ಸೆಳವು ನಿಮ್ಮ ಲೈನನ್ನೇ ಎಳೆಯುತ್ತಿದೆ. ಫ್ಲೈ ಇಳಿಯುವ ಮೊದಲೇ ಲೈನನ್ನು ಎತ್ತಿ ಹೊಳೆಯ ಮೇಲ್ಮುಖಕ್ಕೆ ಹಾಕಿ.

ಬಂಡೆಗಳ ನಡುವಿನ ಸಣ್ಣ ಗುಂಡಿಗಳಲ್ಲಿ ಇಂಡಿಕೇಟರ್ ಕೆಲಸಕ್ಕೆ ಬಾರದು. ಫ್ಲೈ ತೇಲಿಸಾಗುವ ಎರಡು ಮೂರು ಸೆಕೆಂಡಿನ ಓಟದಲ್ಲಿ ಅದು ನೆಲೆ ಕಾಣುವಷ್ಟರಲ್ಲಿ ಗುಂಡಿ ಮುಗಿದಿರುತ್ತದೆ. ಅಲ್ಲಿ ಪೋಲೆಂಡ್, ಚೆಕ್, ಫ್ರಾನ್ಸ್‌ನ ಸ್ಪರ್ಧಿಗಳು ಬೆಳೆಸಿದ ಬಿಗಿ ದಾರದ ಕ್ರಮವೇ ಸರಿ. ಹತ್ತಡಿ ಅಥವಾ ಅದಕ್ಕೂ ಉದ್ದದ, 3ನೇ ತೂಕದ, ಅಂದರೆ ಹಗುರ ಲೈನಿಗೆ ಹೊಂದುವ, ರಾಡ್. ಉದ್ದನೆಯ ತೆಳು ಲೀಡರ್. ನಡುವೆ ಒಂದೂವರೆ ಅಡಿ ಬಣ್ಣದ ನೈಲಾನ್, ಅದಕ್ಕೆ ಸೈಟರ್ ಎನ್ನುತ್ತಾರೆ. ಅದರ ಕೆಳಗೆ ಒಂದೇ ದಪ್ಪದ ಟಿಪೆಟ್, ಆಳಕ್ಕಿಂತ ಒಂದೆರಡು ಅಡಿ ಹೆಚ್ಚು. ಮೇಲ್ಮುಖಕ್ಕೆ ಎಸೆದು, ರಾಡಿನ ತುದಿ ಎತ್ತಿ, ದಪ್ಪ ಲೈನ್ ನೀರಿಗೆ ತಾಗದಂತೆ ಹಿಡಿಯಿರಿ. ತುದಿಯನ್ನು ಫ್ಲೈಯ ಜತೆಜತೆಗೇ ಒಯ್ಯಬೇಕು, ಎಳೆಯಬಾರದು. ಎಳೆದರೆ ಫ್ಲೈ ಮೇಲೇಳುತ್ತದೆ. ಸೈಟರ್ ಜೋತುಬಿದ್ದರೆ ಮೀನು ಕಚ್ಚಿ ಉಗುಳಿದ್ದೂ ತಿಳಿಯುವುದಿಲ್ಲ.

ಎರಡು ಫ್ಲೈ ಕಟ್ಟುವಾಗ ಭಾರದ್ದು ತುದಿಗೆ, ಹಗುರದ್ದು ಅದರಿಂದ ಒಂದೂವರೆ ಅಡಿ ಮೇಲೆ, ನಾಲ್ಕು ಇಂಚಿನ ಕವಲಿಗೆ. ಕವಲು ಇನ್ನೂ ಉದ್ದವಾದರೆ ಮುಖ್ಯ ದಾರಕ್ಕೇ ಸುತ್ತಿಕೊಳ್ಳುತ್ತದೆ. ಪಳಗುವವರೆಗೆ ಒಂದೇ ಫ್ಲೈ ಸಾಕು. ಗೋಜಲು ಬಿಡಿಸುವುದರಲ್ಲೇ ಬೆಳಗು ಕಳೆಯಬಾರದು.

ತೂಕ ಸರಿಯಿದೆಯೇ ಎಂದು ಹೊಳೆಯೇ ಹೇಳುತ್ತದೆ. ಹತ್ತು ಓಟದಲ್ಲಿ ಒಮ್ಮೆಯೂ ತಳ ತಾಗದಿದ್ದರೆ ತೂಕ ಕಡಿಮೆ, ಪ್ರತಿ ಓಟದಲ್ಲೂ ಸಿಕ್ಕಿಕೊಂಡರೆ ಹೆಚ್ಚು. ನಾಲ್ಕೈದು ಓಟಕ್ಕೊಮ್ಮೆ ಮೆಲ್ಲಗೆ ತಾಗಿ ಬಿಟ್ಟುಕೊಳ್ಳುವುದು ಹದ. ಭಾರ ಹೆಚ್ಚಿಸುವ ಮೊದಲು ಟಿಪೆಟ್ಟನ್ನು 6ಎಕ್ಸ್‌ಗೆ ಇಳಿಸಿ ನೋಡಿ. ತೆಳು ದಾರವನ್ನು ಸೆಳವು ಕಡಿಮೆ ತಳ್ಳುತ್ತದೆ, ಅದೇ ಫ್ಲೈ ಬೇಗ ಇಳಿಯುತ್ತದೆ. ಇಷ್ಟೆಲ್ಲ ಆಗಿಯೂ ಕಚ್ಚದಿದ್ದರೆ ಒಂದು ನಂಬರ್ ಚಿಕ್ಕ ಗಾಳಕ್ಕೆ ಹೋಗಿ. ಬಣ್ಣದ ಸರದಿ ಅದಾದ ಮೇಲೆ.

ಟ್ರೌಟ್ ನಿಂಫ್ ಕಚ್ಚುವುದು ಬಹಳ ಸಲ ಜಗ್ಗಿದಂತೆ ಅನಿಸುವುದೇ ಇಲ್ಲ. ಇಂಡಿಕೇಟರ್ ಕ್ಷಣ ನಿಲ್ಲುತ್ತದೆ, ಸೈಟರ್ ಕೊಂಚ ನೆಟ್ಟಗಾಗುತ್ತದೆ, ಅಷ್ಟೇ. ಅನುಮಾನ ಬಂದ ಕೂಡಲೇ ಮಣಿಕಟ್ಟಿನಿಂದ ಒಂದು ಗೇಣು ಎತ್ತಿ. ನೇರ ಮೇಲಕ್ಕೆ ಎತ್ತಿದರೆ ಹೊಳೆಯ ಮೇಲ್ಮುಖಕ್ಕೆ ಬಾಯಿ ಮಾಡಿ ನಿಂತ ಮೀನಿನ ಬಾಯಿಂದ ಫ್ಲೈ ಜಾರಬಹುದು. ಹರಿವಿನ ದಿಕ್ಕಿಗೆ ಓರೆಯಾಗಿ ಎತ್ತಿದರೆ ಬಾಯಿಯ ಮೂಲೆಗೆ ನಾಟುತ್ತದೆ. ಓಟ ಮುಗಿದ ಕೂಡಲೇ ಫ್ಲೈ ಕಿತ್ತುಕೊಳ್ಳಬೇಡಿ. ದಾರ ಬಿಗಿಯಾಗಿ ಫ್ಲೈ ಮೆಲ್ಲಗೆ ಮೇಲೇಳುವಾಗ, ಹುಳು ತಪ್ಪಿಸಿಕೊಳ್ಳುತ್ತಿದೆ ಎಂಬಂತೆ ಮೀನು ಹಾರಿ ಹಿಡಿಯುವುದುಂಟು.

ಹಿಮಾಚಲದ ಟ್ರೌಟ್ ನೀರಿನಲ್ಲಿ ಗಾಳ ಹಾಕಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ನವೆಂಬರ್‌ನಿಂದ ಫೆಬ್ರುವರಿವರೆಗೆ ಮೊಟ್ಟೆಯಿಡುವ ಕಾಲವಾದ್ದರಿಂದ ನಿಷೇಧವಿದೆ. ಗಾಳದ ಒಳಮುಳ್ಳನ್ನು ಇಕ್ಕಳದಿಂದ ಒತ್ತಿಬಿಡಿ, ಬಿಡುವ ಮೀನಿಗೂ ನಿಮ್ಮ ಬೆರಳಿಗೂ ಕ್ಷೇಮ. ಜುಲೈ, ಆಗಸ್ಟ್‌ನ ಮಳೆಯಲ್ಲಿ ನೀರು ಕೆಂಪಾದರೆ ನಿಂಫ್ ಪ್ರಯೋಗ ವ್ಯರ್ಥ. ಮೇ ತಿಂಗಳಲ್ಲಿ ಬೆಳಗಿನ ತಿಳಿನೀರು ಮಧ್ಯಾಹ್ನದ ಹೊತ್ತಿಗೆ ಹಿಮ ಕರಗಿ ಏರುತ್ತದೆ, ಬಣ್ಣವೂ ಮಂಕಾಗುತ್ತದೆ. ಆಗ ನಡುಹೊಳೆ ಬಿಟ್ಟು ದಡದಂಚಿನ, ಬಂಡೆಯ ಹಿಂಬದಿಯ ನಿಧಾನದ ನೀರಿಗೆ ಬನ್ನಿ. ತುದಿಗೆ 10ನೇ ನಂಬರಿನ ಸ್ಟೋನ್‌ಫ್ಲೈ, 3.8 ಮಿ.ಮೀ. ಮಣಿ.