ಔಷಧಿಯೇ ಇಲ್ಲದ ಅಧ್ಯಯನಕ್ಕೆ ವರ್ಷವರ್ಷ ಹೋಗಬೇಕೆ?

ಪ್ರಶ್ನೆ: ಅಮ್ಮನಿಂದ ನನಗೂ ಅಕ್ಕನಿಗೂ ಒಂದೇ ಮೈಟೊಕಾಂಡ್ರಿಯಾ ದೋಷ ಬಂದಿದೆ. ಅಕ್ಕನಿಗೆ ಮೆಟ್ಟಿಲು ಹತ್ತುವುದೇ ಕಷ್ಟ, ನನಗೆ ಬರೀ ಸುಸ್ತು. ಈಗ ಒಂದು ಅಧ್ಯಯನಕ್ಕೆ ಸೇರಿ ಎನ್ನುತ್ತಿದ್ದಾರೆ. ಔಷಧಿ ಕೊಡುವುದಿಲ್ಲ, ವರ್ಷಕ್ಕೊಮ್ಮೆ ನಡೆಸಿ, ಕೂರಿಸಿ, ಎಬ್ಬಿಸಿ ಕಳಿಸುತ್ತಾರಂತೆ. ಇದರಿಂದೇನು ಪ್ರಯೋಜನ?

ಉತ್ತರ: ನೀವೂ ನಿಮ್ಮ ಅಕ್ಕನೂ ಒಂದೇ ದೋಷ ಹೊತ್ತು ಬೇರೆಬೇರೆ ಹಾದಿ ಹಿಡಿದಿದ್ದೀರಲ್ಲ, ಆ ಅಧ್ಯಯನ ನಡೆಯುತ್ತಿರುವುದೇ ಅದಕ್ಕಾಗಿ.

ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗಗಳೇ ಮೈಟೊಕಾಂಡ್ರಿಯಾ. ಅವುಗಳದ್ದೇ ಆದ ಡಿಎನ್ಎ 16,569 ಅಕ್ಷರಗಳ ಪುಟ್ಟ ಉಂಗುರ. ಒಂದೊಂದು ಜೀವಕೋಶದಲ್ಲೂ ಅದರ ನೂರಾರು, ಸಾವಿರಾರು ಪ್ರತಿಗಳಿರುತ್ತವೆ. ಅವುಗಳಲ್ಲಿ ಸರಿಯಾದವೂ ಕೆಟ್ಟವೂ ಬೆರೆತಿರಬಹುದು. ಅಂಡಾಣು ರೂಪುಗೊಳ್ಳುವಾಗ ಈ ಬೆರಕೆಯ ಪ್ರಮಾಣ ಏರುಪೇರಾಗುತ್ತದೆ. ಹೀಗಾಗಿ ಒಡಹುಟ್ಟಿದವರಲ್ಲೂ ಒಬ್ಬರಿಗೆ ಕೆಟ್ಟ ಪ್ರತಿಗಳು ಹೆಚ್ಚು, ಇನ್ನೊಬ್ಬರಿಗೆ ಕಡಿಮೆ. ಸ್ನಾಯುವಿನಲ್ಲಿ ಕೆಟ್ಟವುಗಳ ಪಾಲು ಒಂದು ಮಿತಿ ದಾಟಿದ ಮೇಲಷ್ಟೇ ಶಕ್ತಿಗೆ ಬರ ಬೀಳುತ್ತದೆ.

ಹಾಗಿದ್ದರೆ ರಕ್ತ ಪರೀಕ್ಷಿಸಿ ಆ ಪಾಲನ್ನು ಅಳೆದರೆ ಸಾಲದೆ? ಸಾಲದು. ಹೆಚ್ಚಾಗಿ ಕಾಣುವ ದೋಷಗಳಲ್ಲೊಂದು 3243ನೇ ಸ್ಥಾನದ್ದು. ಅದರ ಪ್ರಮಾಣ ರಕ್ತದಲ್ಲಿ ವಯಸ್ಸಾದಂತೆ ತಾನಾಗಿಯೇ ಇಳಿಯುತ್ತದೆ. ವರದಿ ಚೆಂದವಾಗುತ್ತಿರುತ್ತದೆ, ಕಾಲು ಸೋಲುತ್ತಿರುತ್ತದೆ! ಅದಕ್ಕೇ ಈ ದೋಷಕ್ಕೆ ಮೂತ್ರವನ್ನೂ ಪರೀಕ್ಷಿಸುತ್ತಾರೆ.

ಕೊನೆಗೆ ಮನುಷ್ಯನನ್ನೇ ಅಳೆಯಬೇಕು: ಆರು ನಿಮಿಷದಲ್ಲಿ ಎಷ್ಟು ದೂರ ನಡೆದಿರಿ, ಕುರ್ಚಿಯಿಂದ ಐದು ಸಲ ಏಳಲು ಎಷ್ಟು ಸೆಕೆಂಡು ಹಿಡಿಯಿತು, ಎಂಆರ್‌ಐನಲ್ಲಿ ಸ್ನಾಯುವಿನ ಜಾಗಕ್ಕೆ ಎಷ್ಟು ಕೊಬ್ಬು ಬಂದಿದೆ. ನಡಿಗೆ ಪರೀಕ್ಷೆಯ ಮೇಲೆ ನನಗೆ ಪೂರ್ತಿ ಭರವಸೆಯಿಲ್ಲ. ಹಿಂದಿನ ರಾತ್ರಿ ನಿದ್ದೆಗೆಟ್ಟರೂ ಅಂಕಿ ಬೀಳುತ್ತದೆ, ಎರಡನೇ ಸಲ ಅಭ್ಯಾಸಬಲದಿಂದಲೇ ಏರುತ್ತದೆ. ಕಾಯಿಲೆ ನಿಧಾನದ್ದು, ದಿನದಿನದ ಏರಿಳಿತ ದೊಡ್ಡದು. ಅದನ್ನು ದಾಟಿ ನಿಜವಾದ ಇಳಿಜಾರು ಕಾಣಬೇಕಾದರೆ ಹಲವು ವರ್ಷ, ಹಲವು ಜನ ಬೇಕು.

ಈ ಲೆಕ್ಕ ಕೈಯಲ್ಲಿಲ್ಲದೆ ಔಷಧಿ ಪರೀಕ್ಷಿಸುವುದು ಕಷ್ಟ. ಎಲಾಮಿಪ್ರೆಟೈಡ್ ಎಂಬ ಔಷಧಿಯನ್ನು 218 ರೋಗಿಗಳ ಮೇಲೆ 24 ವಾರ ಪ್ರಯೋಗಿಸಿದರು. ನಡಿಗೆಯಲ್ಲಾಗಲಿ ಸುಸ್ತಿನಲ್ಲಾಗಲಿ ಹುಸಿಮದ್ದಿಗಿಂತ ಮೇಲು ಎಂದು ಸಾಬೀತಾಗಲಿಲ್ಲ. ಆಮೇಲೆ ವಿಂಗಡಿಸಿ ನೋಡಿದಾಗ, ಮೈಟೊಕಾಂಡ್ರಿಯಾದ ಡಿಎನ್ಎಯಲ್ಲಲ್ಲ, ಕೋಶಕೇಂದ್ರದ ಡಿಎನ್ಎಯಲ್ಲಿ ದೋಷವಿದ್ದವರ ನಡಿಗೆ ಸುಧಾರಿಸಿದಂತೆ ಕಂಡಿತು. ಯಾರನ್ನು ಯಾರ ಜೊತೆ ಹೋಲಿಸಬೇಕು, ಎಷ್ಟು ಕಾಲ ಕಾಯಬೇಕು ಎಂಬುದು ಇಂಥ ಔಷಧಿರಹಿತ ಅಧ್ಯಯನಗಳಿಂದಲೇ ತಿಳಿಯಬೇಕು.

ಇನ್ನೊಂದು ಮಾತು. ನಡೆಯಲಾಗದವರು ಬರುವುದನ್ನು ಬಿಟ್ಟರೆ ಲೆಕ್ಕದಲ್ಲಿ ಕಾಯಿಲೆ ಇರುವುದಕ್ಕಿಂತ ಸೌಮ್ಯವಾಗಿ ತೋರುತ್ತದೆ. ಆದ್ದರಿಂದ ಅಕ್ಕನನ್ನೂ ಸೇರಿಸಿಕೊಳ್ಳುತ್ತಾರೆಯೇ, ಮುಂದೆ ಅವರಿಗೆ ಓಡಾಟ ಕಷ್ಟವಾದರೆ ಏನು ವ್ಯವಸ್ಥೆ ಎಂದು ಕೇಳಿ. ಹೃದಯ, ಸಕ್ಕರೆ, ಕಿವಿಯ ತಪಾಸಣೆಯೂ ಅದರಲ್ಲಿದೆಯೇ, ವರದಿ ನಿಮ್ಮ ಕೈಗೆ ಕೊಡುತ್ತಾರೆಯೇ ಎಂಬುದನ್ನು ಸಹಿ ಹಾಕುವ ಮೊದಲೇ ತಿಳಿದುಕೊಳ್ಳಿ.