ಹೊಸ ಬ್ಯಾಟರಿ ಕೊಳ್ಳುವ ಮೊದಲು ಸೋರಿಕೆ ಹುಡುಕಿ

ರಾತ್ರಿ ಸರಿಯಾಗಿದ್ದ ಕಾರು ಬೆಳಗ್ಗೆ ಸೆಲ್ಫ್ ತಗೊಳ್ಳದಿದ್ದರೆ ಎಲ್ಲರೂ ಬ್ಯಾಟರಿಯನ್ನೇ ದೂರುತ್ತಾರೆ. ಆದರೆ ಕರೆಂಟು ಬೇರೆಲ್ಲೋ ಸೋರುತ್ತಿದ್ದರೆ ಹೊಸ ಬ್ಯಾಟರಿಯೂ ಹೀಗೇ ಖಾಲಿಯಾಗುತ್ತದೆ. ದುಡ್ಡು ಕೊಡುವ ಮೊದಲು ವೋಲ್ಟ್, ಕರೆಂಟು ಅಳೆಯುವ ಮಲ್ಟಿಮೀಟರ್ ಹಿಡಿಯಿರಿ.

ಸೀಸ-ಆಮ್ಲದ ಬ್ಯಾಟರಿಯೊಳಗೆ ಆರು ಸೆಲ್ ಇರುತ್ತವೆ, ಒಂದೊಂದು ಸುಮಾರು 2.1 ವೋಲ್ಟ್. ಹಾಗಾಗಿ ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ಸುಮ್ನೆ ಇದ್ದ ಬ್ಯಾಟರಿ 12.6 ತೋರಿಸಬೇಕು. 12.2 ಅಂದರೆ ಅರ್ಧ ಖಾಲಿ. ಎಂಜಿನ್ ಓಡುವಾಗ ಹೆಚ್ಚಿನ ಕಾರುಗಳಲ್ಲಿ 13.8ರಿಂದ 14.5 ಇರುತ್ತದೆ. ಅಷ್ಟು ಬರದಿದ್ದರೆ, ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು ಮೆಕ್ಯಾನಿಕ್‌ಗೆ ತೋರಿಸಿ.

ಈಗ ಸೋರಿಕೆ. ಎಲ್ಲ ಆಫ್ ಮಾಡಿ, ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್‌ಗೂ ಬ್ಯಾಟರಿಗೂ ನಡುವೆ ಮೀಟರನ್ನು 10 ಆಂಪಿಯರ್ ತೂತಿನಲ್ಲಿ ಸೇರಿಸಿ. ಆಗ ಅಪ್ಪಿತಪ್ಪಿಯೂ ಸ್ಟಾರ್ಟ್ ಮಾಡಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಮೊದಲು ಜಾಸ್ತಿ ಕರೆಂಟು ಕಾಣುತ್ತದೆ, ಯಾಕೆಂದರೆ ಕಾರಿನ ಕಂಪ್ಯೂಟರ್‌ಗಳು ಇನ್ನೂ ಎಚ್ಚರವಾಗಿರುತ್ತವೆ. ಅರ್ಧ ಗಂಟೆ ಕಾಯಿರಿ. ಈ ತಾಳ್ಮೆ ಇಲ್ಲದೆಯೇ ಎಷ್ಟೋ ಜನ ಇಲ್ಲದ ದೋಷ ಹುಡುಕುತ್ತಾರೆ. ಕೊನೆಗೆ 50 ಮಿಲಿಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ, ದಿನಕ್ಕೆ 1.2 ಆಂಪಿಯರ್-ಅವರ್ (ಆಂಪಿಯರನ್ನು ಗಂಟೆಯಿಂದ ಗುಣಿಸಿದ ಲೆಕ್ಕ) ಅಷ್ಟೇ. ಆದರೆ ಡಿಕ್ಕಿಯಲ್ಲಿ ಆರದೇ ಉಳಿದ 5 ವ್ಯಾಟ್ ಬಲ್ಬ್ ಒಂದೇ ದಿನಕ್ಕೆ ಸುಮಾರು 10 ತಿನ್ನುತ್ತದೆ. 45 ಆಂಪಿಯರ್-ಅವರ್ ಬ್ಯಾಟರಿ ಎಷ್ಟು ದಿನ ತಡೆದೀತು?

ಜಾಸ್ತಿ ಇದ್ದರೆ ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳಿ. ಯಾವುದನ್ನು ಕಿತ್ತಾಗ ಮೀಟರ್ ಇಳಿಯುತ್ತದೋ ಕಳ್ಳ ಆ ಸರ್ಕ್ಯೂಟಿನಲ್ಲೇ ಇದ್ದಾನೆ. ಆಮೇಲೆ ಹಾಕಿಸಿದ ಡ್ಯಾಶ್‌ಕ್ಯಾಮ್, ಸ್ಟೀರಿಯೊಗಳ ಮೇಲೆ ನನಗೆ ಮೊದಲ ಅನುಮಾನ. ಯಾವ ಫ್ಯೂಸಿಗೂ ಇಳಿಯದಿದ್ದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಆಲ್ಟರ್ನೇಟರಿನ ಡಯೋಡ್ ಕೆಟ್ಟಿರಬಹುದು.

ಹಾಗಂತ ಬ್ಯಾಟರಿ ಯಾವಾಗಲೂ ನಿರಪರಾಧಿ ಅಲ್ಲ. ಪೂರ್ತಿ ಖಾಲಿಯಾಗಿ ಬಹಳ ದಿನ ಬಿದ್ದರೆ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಹರಳು ಗಟ್ಟಿಯಾಗುತ್ತದೆ, ಆಮೇಲೆ ಚಾರ್ಜ್ ನಿಲ್ಲುವುದಿಲ್ಲ. ಪೂರ್ತಿ ಚಾರ್ಜ್ ಮಾಡಿದ ಮೇಲೂ ಸೆಲ್ಫ್ ಹೊಡೆಯುವಾಗ 9.6 ವೋಲ್ಟಿಗಿಂತ ಕೆಳಗೆ ಬಿದ್ದರೆ ಬದಲಿಸುವ ಕಾಲ ಬಂದಿದೆ.

ಕೊಳ್ಳುವಾಗ ಅಳತೆ, ಟರ್ಮಿನಲ್ ಯಾವ ಕಡೆಗಿದೆ, ಆಂಪಿಯರ್-ಅವರ್ ಎಷ್ಟು ಎಲ್ಲವೂ ಹಳೆಯದಕ್ಕೆ ಹೊಂದಬೇಕು. ಸಿಗ್ನಲ್‌ನಲ್ಲಿ ತಾನೇ ಆಫ್ ಆಗುವ ಕಾರಿಗೆ ಸಾಮಾನ್ಯ ಬ್ಯಾಟರಿ ಬೇಡ, ಪದೇ ಪದೇ ಸ್ಟಾರ್ಟ್ ಆಗುವುದನ್ನು ತಡೆಯುವ ಎಜಿಎಂ ಅಥವಾ ಇಎಫ್‌ಬಿ ಬಗೆಯದು ಬೇಕು. ತಯಾರಾದ ತಿಂಗಳು ನೋಡಿ, ಅಂಗಡಿಯಲ್ಲಿ ಸುಮ್ನೆ ಕೂತರೂ ಚಾರ್ಜ್ ಇಳಿಯುತ್ತದೆ ಅಲ್ವಾ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಪಾಸಿಟಿವ್ ಮೊದಲು. ಕಾರಿನ ಬಾಡಿ ನೆಗೆಟಿವ್‌ಗೆ ಸೇರಿರುವುದರಿಂದ, ಪಾಸಿಟಿವ್ ಮೇಲಿರುವ ಸ್ಪ್ಯಾನರ್ ಬಾಡಿಗೆ ತಾಗಿದರೂ ಆಗ ಶಾರ್ಟ್ ಆಗುವುದಿಲ್ಲ.